ಮಿತ್ಸುನ್ ಅಂದರೇನು?

ಹೊಲಿಗೆ ಮಿಶಿನ್ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದ್ದ ಅವರನ್ನು ಬೀದಿಯವರೆಲ್ಲ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಚಕ್ರವನ್ನು ಒಂದು ಸುತ್ತು ತಿರುಗಿಸಿ, ಸದ್ದು ಕೇಳಿಯೇ ಕಾಯಿಲೆ ಹೇಳಿಬಿಡುತ್ತಿದ್ದರು. ಅಂಥವರು ಒಂದು ಜಪಾನೀ ಮಿಶಿನ್ನಿನ ಮುಂದೆ ಕಕ್ಕಾಬಿಕ್ಕಿಯಾಗಿ ಕುಳಿತರು.

ಅದನ್ನು ತಂದವಳು ಪಕ್ಕದ ಬೀದಿಯ ಟೈಲರಮ್ಮ. ಯಾರೋ ಬಳಸಿ ಮಾರಿದ್ದನ್ನು ಕೊಂಡಿದ್ದಳು. ಹೊಲಿದರೆ ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟುತ್ತಿತ್ತು. ಡಾಕ್ಟ್ರು ಬಾಬಿನ್ ಬದಲಿಸಿದರು, ಸೂಜಿ ಬದಲಿಸಿದರು. ಜಪ್ಪಯ್ಯ ಅಂದರೂ ಸರಿಹೋಗಲಿಲ್ಲ. ಜೊತೆಗಿದ್ದ ಪುಸ್ತಕವೆಲ್ಲ ಜಪಾನೀ ಭಾಷೆಯಲ್ಲಿ. ಫೋನ್ ಹಿಡಿದು ಅನುವಾದ ಕೇಳಿದರೆ, “ಮೇಲಿನ ದಾರದ ಆರೋಗ್ಯ ವಿಚಾರಿಸಿ” ಎಂದಿತು.

“ವಿಚಾರಿಸ್ರೀ ಮತ್ತೆ, ಪಾಪ ನೆಗಡಿ ಆಗಿರಬೇಕು,” ಎಂದಳು ಹೆಂಡತಿ.

ರೋಷ ಬಂತು. ಜಪಾನೀ ಕಲಿಯುವವರ ಆನ್‌ಲೈನ್ ಗುಂಪೊಂದನ್ನು ಸೇರಿ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರು. ಅಕ್ಷರ ಮೊದಲು ಎಂದರೊಬ್ಬರು. ಅಕ್ಷರ ಮುಟ್ಟಲೇಬೇಡಿ, ಬರೀ ಕೇಳಿಸಿಕೊಳ್ಳಿ ಎಂದರು ಇನ್ನೊಬ್ಬರು. ಮೂರು ಬಗೆಯ ಲಿಪಿ ಇದೆ, ಮೂರನೆಯದರಲ್ಲಿ ಎರಡು ಸಾವಿರ ಚಿಹ್ನೆ ಎಂದ ಮತ್ತೊಬ್ಬರ ಮಾತಿಗೆ ಡಾಕ್ಟ್ರು ಫೋನನ್ನೇ ಬೋರಲು ಹಾಕಿದರು.

ನೆರವಿಗೆ ಬಂದವರು ಅದೇ ಗುಂಪಿನಲ್ಲಿ ತನ್ನ ಬದಲು ಬೆಕ್ಕಿನ ಫೋಟೊ ಹಾಕಿಕೊಂಡಿದ್ದ ನಿವೃತ್ತ ಟೀಚರ್. “ಅದು ಆರೋಗ್ಯ ಅಲ್ಲ ಸರ್. ಚೋಶಿ ಅಂದ್ರೆ ಇಲ್ಲಿ ಹದ. ದಾರದ ಬಿಗಿ ಹದವಾಗಿರಲಿ ಅಂತ,” ಎಂದು ವಾಯ್ಸ್ ಮೆಸೇಜ್ ಕಳಿಸಿದರು. ಹದ! ಆ ಮಾತು ಡಾಕ್ಟ್ರಿಗೆ ಹೇಳಿಕೊಡಬೇಕೇ? ಆದರೆ ಹದ ಮಾಡಿಯೂ ಗೂಡು ಬಿಡಲಿಲ್ಲ.

ಛಲ ಬಿಡದೆ ಅಕ್ಷರಕ್ಕೇ ಕೈಹಾಕಿದರು. ಪುಸ್ತಕದ ರಕ್ಷಾಪುಟದ ಮೂರಕ್ಷರ ಕೂಡಿಸಿ ಓದಿದರೆ ‘ಮಿತ್ಸುನ್’ ಎಂದು ಬಂತು. ಅದ್ಯಾವ ಭಾಗ? ಮೂರು ದಿನ ಮಿಶಿನ್ನಿನ ಒಳಗೆಲ್ಲ ಮಿತ್ಸುನ್ ಹುಡುಕಿದರು. ಹೆಂಡತಿಯನ್ನೂ ಕೇಳಿದರು. ಕೊನೆಗೆ ಟೀಚರನ್ನು ಕೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

“ನಡುವಿನಕ್ಷರ ನೋಡಿ ಸರ್. ಅದರಲ್ಲಿರೋ ಎರಡು ಪುಟ್ಟ ಗೀಟು ನಿಂತಿದ್ರೆ ತ್ಸು, ಮಲಗಿದ್ರೆ ಶಿ. ಇಲ್ಲಿ ಮಲಗಿದೆ.”

“ಮಿ... ಶಿ... ನ್.” ಡಾಕ್ಟ್ರು ತಡವರಿಸಿದರು. “ಅಯ್ಯೋ, ಇದು ನಮ್ಮ ಮಾತಲ್ವಾ ಮೇಡಂ? ಅವರ ಹತ್ರ ಹೇಗೆ ಹೋಯ್ತು?”

“ಅವರೂ ನಾವೂ ಇಂಗ್ಲಿಷಿಂದಲೇ ತಗೊಂಡ್ವಿ. ಅವರು ಹೊಲಿಗೆ ಮಿಶಿನ್ನಿಗೆ ಮಾತ್ರ ಹಾಗಂತಾರೆ.”

ಮತ್ತೆರಡು ವಾರಕ್ಕೆ ದಾರ ಪೋಣಿಸುವ ಪುಟದಲ್ಲಿ ಒಂದು ಚಿಹ್ನೆ ಗುರುತು ಸಿಕ್ಕಿತು: ಡಬ್ಬಿಯ ನಡುವೆ ಸೂಜಿ ಚುಚ್ಚಿದಂತೆ. ಓದುವುದು ‘ನಕ’ ಎಂದು, ಅಂದರೆ ಒಳಗೆ. ಫೋನು ಅದನ್ನು ‘ಆ ಸಮಯದಲ್ಲಿ’ ಎಂದು ಹೇಳಿ ದಾರಿ ತಪ್ಪಿಸಿತ್ತು. ಯಾವುದರ ಒಳಗೆ? ಅನುಮಾನದಲ್ಲೇ ಮೇಲಿನ ಮುಚ್ಚಳ ಬಿಚ್ಚಿದರು. ದಾರ ಹಾಯಬೇಕಾದ ಪುಟ್ಟ ಕೊಕ್ಕೆಯೊಂದು ಧೂಳು ಮುಚ್ಚಿ ಕೂತಿತ್ತು. ದಾರ ಸಿಕ್ಕಿಸಿ ಹೊಲಿದರು. ಮುತ್ತು ಪೋಣಿಸಿದಂಥ ಹೊಲಿಗೆ ಬಿತ್ತು.

“ಜಪಾನೀ ಕಲಿತೇಬಿಟ್ರಾ ಡಾಕ್ಟ್ರೇ?” ಎಂದಳು ಟೈಲರಮ್ಮ.

“ಏನ್ ಕಲಿತೆನೋ ನನಗೇ ಗೊತ್ತಾಗ್ತಿಲ್ಲ ಕಣಮ್ಮ.”

ಮಿಶಿನ್ ಹೋದಮೇಲೂ ಅವರು ಜಪಾನೀ ಪಾಠ ಬಿಡಲಿಲ್ಲ. ಮರುದಿನದ ಪಾಠದಲ್ಲಿ ಅದೇ ಡಬ್ಬಿ, ಅದೇ ಸೂಜಿ. ಓದುವುದು ಮಾತ್ರ ‘ಚೂ’ ಎಂದು. ಡಾಕ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ‘ಚೂ’ ಚೂ ಆಗಿಯೇ ಇತ್ತು. ನೋಟ್‌ಪುಸ್ತಕದಲ್ಲಿ ಆ ಒಂದೇ ಚಿಹ್ನೆಗೆ ‘ನಕ’, ‘ಚೂ’ ಎರಡನ್ನೂ ಬರೆದು, ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪುಟ ತಿರುಗಿಸಿದರು.