ಮುನಿಶಾಮಪ್ಪನವರೂ ಗುರುವಾರದ ನರ್ಸಮ್ಮನೂ

ಆ ಗುರುವಾರ ಬೆಳಗ್ಗೆ ಮುನಿಶಾಮಪ್ಪನವರು ಚಾವಡಿಯ ಕಂಬದ ಮರೆಗೆ ಹೋಗಿ ನಿಂತದ್ದು ಸರ್ಕಾರದ ನರ್ಸಮ್ಮನ ಮುಂದೆ ಯಾರ್ಯಾರು ಸೇರಿದ್ದಾರೆಂದು ಕದ್ದು ನೋಡುವುದಕ್ಕೆ. ಯಾರಾದರೂ ಕೇಳಿದರೆ ಕರು ತಪ್ಪಿಸಿಕೊಂಡಿದೆ ಎನ್ನಬೇಕೆಂದು ಮನೆಯಲ್ಲೇ ತಯಾರಾಗಿ ಬಂದಿದ್ದರು. ಆದರೆ ಸಾಲು ಶುರುವಾಗಿದ್ದೇ ಆ ಕಂಬದ ಹಿಂದಿನಿಂದ. ಹಿಂದಿನವರು ನೂಕಿದರು, ಸಾಲು ಸರಿಯಿತು, ಕರುವಿನ ಮಾತು ಬಾಯಿಗೆ ಬರುವ ಮೊದಲೇ ನರ್ಸಮ್ಮ ಅವರ ತೋಳು ಹಿಡಿದಾಗಿತ್ತು.

"ನಾಚಿಕೆ ಯಾಕೆ ತಾತಾ? ನೋವಾಗಲ್ಲ, ಆ ಕಡೆ ನೋಡಿ."

ಆ ಕಡೆ ನೋಡಿದರೆ ಅರ್ಧ ಊರು ನಿಂತಿತ್ತು. ಈ ಕಡೆ ಸಿಡುಬಿನ ಚುಚ್ಚುಮದ್ದು ಆಗಿಹೋಗಿತ್ತು.

ಬೇರೆ ಯಾರಾಗಿದ್ದರೂ ನಕ್ಕು ಮರೆಯುತ್ತಿದ್ದರು. ಆದರೆ ತೂಬಗೆರೆ ಆಚೆಯ ಆ ಹಳ್ಳಿಗೆ ಔಷಧಿ ಕೊಡುತ್ತಿದ್ದವರೇ ಮುನಿಶಾಮಪ್ಪನವರು. ಕಾಮಾಲೆಗೆ ಬೇರು ಅರೆದು ಹಾಲಿನಲ್ಲಿ ಕೊಡುವ ಮನೆತನ. ಅದಕ್ಕೆ ಕಾಸು ಮುಟ್ಟುವಂತಿರಲಿಲ್ಲ. ಮರ್ಯಾದೆ ಮುಟ್ಟಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡಿದ್ದರು. ಅವರು ಬಂದರೆ ಜಗುಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಮೊದಲ ಕೊಯ್ಲು ಅವರ ಮನೆಗೇ ಬರುತ್ತಿತ್ತು. ಎಪ್ಪತ್ತೊಂದನೇ ಇಸವಿಯಲ್ಲಿ ಸರ್ಕಾರ ಅನುಸೂಯಮ್ಮ ಎಂಬ ಈ ನರ್ಸನ್ನು ಗುರುವಾರ ಗುರುವಾರ ಕಳಿಸತೊಡಗಿತು. ಅವರೆಕಾಯಿ ಚೀಲಗಳು ಮುನಿಶಾಮಪ್ಪನವರ ಬಾಗಿಲ ಮುಂದೆಯೇ, ಸೊಗಡು ಬೀರುತ್ತಾ, ಚಾವಡಿಗೆ ಹೋದವು.

ಇದರ ಮೇಲೆ ಮನೆತನದ ಕಟ್ಟು ಬೇರೆ. ಔಷಧಿ ಕೊಟ್ಟವನು ತಾನಾಗಿ ರೋಗಿಯನ್ನು "ಹೇಗಿದ್ದೀಯ" ಎಂದು ಕೇಳಬಾರದು. ಕೇಳಿದರೆ ಬೇರಿನ ಗುಣ ಹೋಗುತ್ತದೆ. ಅವರ ಕೈಯಿಂದಲೇ ಕಾಮಾಲೆ ವಾಸಿಯಾಗಿದ್ದ ಅಮ್ಮಯಮ್ಮ ಈಗ ಮಂಡಿನೋವಿಗೆ ನರ್ಸಮ್ಮನ ಹತ್ತಿರ ಹೋಗುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ "ಯಾಕಮ್ಮಾ?" ಎನ್ನುವಂತಿಲ್ಲ. ಕೇಳಲಾರದವರು ನೋಡಿಯಾದರೂ ತಿಳಿಯಬೇಕಲ್ಲ! ಹೀಗೆ ಗುರುವಾರಕ್ಕೊಂದು ಕಂಬ ಹಿಡಿಯುವ ಗತಿ ಬಂದಿತ್ತು.

ಹೆಂಡತಿ ರುಕ್ಮಿಣಮ್ಮನವರಂತೂ ಗಂಡನಿಗೆ ಅನುಕೂಲವಾಗಿ ಮಾತಾಡುವವರಲ್ಲ. "ಹೊಟ್ಟೆ ಉರೀತದೆ ಅಂತ ರಾತ್ರಿಯೆಲ್ಲಾ ಹೊರಳಾಡ್ತೀರಲ್ಲ, ಅದಕ್ಕೂ ನರ್ಸಮ್ಮನ ಹತ್ರ ಬಿಳೀ ಮಾತ್ರೆ ಐತಂತೆ" ಎಂದರು.

ಮುಂದಿನ ವಾರ ಬಿ.ಡಿ.ಓ. ಸಾಹೇಬರು ಬಂದು ಸಭೆ ಕರೆದರು. ಸರ್ಕಾರ ಊರಿಗೆ ಆರೋಗ್ಯ ಕೇಂದ್ರ ಕಟ್ಟುತ್ತದೆ, ಊರಿನವರು ಒಪ್ಪಿ ಜಾಗ ಕೊಡಬೇಕು. ಒಪ್ಪದಿದ್ದರೆ ಅದು ಬೇರೆ ಊರಿಗೆ ಹೋಗುತ್ತದೆ. ಮುನಿಶಾಮಪ್ಪನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ; ಬೇರೆ ಊರಿಗೆ ಹೋಗಲಿ!

ಪಂಚಾಯ್ತಿ ಚೇರ್ಮನ್ ಆದಿನಾರಾಯಣಪ್ಪ ಶುರುಮಾಡಿದರು. "ರೋಡು ಸರ್ಕಾರದ್ದು, ಸ್ಕೂಲು ಸರ್ಕಾರದ್ದು. ಕಾಯಿಲೇನೂ ಸರ್ಕಾರಾನೇ ನೋಡ್ಕೊಳ್ಳಲಿ."

ಮುನಿಶಾಮಪ್ಪನವರು ಎದ್ದರು. "ಕಾಯಿಲೆ ಏನು ರೋಡೇನಪ್ಪಾ, ಎಲೆಕ್ಷನ್ ಬಂದಾಗ ಜಲ್ಲಿ ಸುರಿಯೋಕೆ?"

"ತೋಳಿನ ಗಾಯ ಮಾಯ್ತಾ ಮುನಿಶಾಮಣ್ಣ?" ಎಂದು ಹಿಂದಿನಿಂದ ಪಾಪಯ್ಯ ಕೂಗಿದ. ಜನ ಗೊಳ್ಳೆಂದಿತು. ಮುನಿಶಾಮಪ್ಪನವರ ಕಿವಿ ಕೆಂಪಾಯಿತು, ದನಿ ಏರಿತು.

"ನಗಬೇಡ ಕಣ್ಲಾ! ನಿನ್ನ ಸೊಸೆಗೆ ನೋವು ಬಂದಿದ್ದು ಭಾನುವಾರ. ಗಾಡಿ ಕಟ್ಕೊಂಡು ದೊಡ್ಡಬಳ್ಳಾಪುರಕ್ಕೆ ಹೊರಟ್ರೆ ದಾರೀಲೇ ಮಗು ಆಯ್ತು. ಎಲ್ಲಿತ್ತು ಸರ್ಕಾರ? ಜ್ವರ ಏನು ವಾರ ನೋಡ್ಕೊಂಡು ಬರ್ತದಾ ಸ್ವಾಮಿ? ನರ್ಸಮ್ಮ ತರೋ ಆ ಕೆಂಪು ಔಷಧಿ ಮಧ್ಯಾಹ್ನಕ್ಕೆ ಮುಂಚೆ ಖಾಲಿ. ಆಮೇಲೆ ಬಂದೋರಿಗೆ ಬರೀ ಸಮಾಧಾನ!"

ಪಾಪಯ್ಯ ನಗು ನಿಲ್ಲಿಸಿ ತಲೆ ಆಡಿಸಿದ. ಅಮ್ಮಯಮ್ಮ "ನಿಜ ಕಣಪ್ಪಾ" ಎಂದಳು. ನರ್ಸಮ್ಮನ ಕೆಲಸದ ಹುಳುಕೆಲ್ಲ ಮುನಿಶಾಮಪ್ಪನವರಿಗೆ ಬಾಯಿಪಾಠವಾಗಿತ್ತು; ಅಷ್ಟು ಶ್ರದ್ಧೆಯಿಂದ ಆಕೆಯನ್ನು ಗಮನಿಸಿದವರು ಇನ್ಯಾರಿದ್ದರು? ಊರು ತಮ್ಮ ಮಾತಿಗೆ ತಲೆದೂಗಿ ಎಷ್ಟೋ ಕಾಲವಾಗಿತ್ತು. ಆ ಸುಖದಲ್ಲಿ ಮುನಿಶಾಮಪ್ಪನವರು ಕೈಯನ್ನು ಆಕಾಶಕ್ಕೆತ್ತಿ ಗುಡುಗಿದರು:

"ಇದ್ರೆ ಹಗಲೂ ರಾತ್ರಿ ಇರಬೇಕು! ಇಲ್ಲದಿದ್ರೆ ಬರಲೇಬಾರದು!"

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಅದನ್ನೇ ಹೇಳೋಕೆ ನಾನು ಬಂದಿದ್ದು! ಹೆರಿಗೆ ರೂಮು, ಪಕ್ಕದಲ್ಲೇ ನರ್ಸಿಗೆ ವಾಸದ ಮನೆ. ಹಿರಿಯರು ಕೇಳಿದ್ದಾರೆ. ಒಪ್ಪಿಗೆ ಇರೋರು ಕೈ ಎತ್ತಿ."

ಸಭೆ ಪೂರ್ತಿ ಕೈ ಎತ್ತಿತು. ಮುನಿಶಾಮಪ್ಪನವರದು ಮೊದಲೇ ಮೇಲಿತ್ತು. ಇಳಿಸುವಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು.

ಚೇರ್ಮನ್ ಬಂದು ಅವರ ಭುಜದ ಮೇಲೆ ಕೈ ಇಟ್ಟರು. ಇಷ್ಟು ದಿನ ನರ್ಸಮ್ಮನಿಗೆ ಎದುರು ನಿಂತ ಮನುಷ್ಯ ಊರಿಗೆ ಆಸ್ಪತ್ರೆ ತಂದುಕೊಟ್ಟಿದ್ದು ಹೇಗೆಂದು ಚೇರ್ಮನ್ನರಿಗಿನ್ನೂ ಅರ್ಥವಾಗಿರಲಿಲ್ಲ.

"ಕೇಳಿದ್ದು ನೀವು. ಈಗ ಜಾಗಾನೂ ನೀವೇ ಹೇಳ್ಬಿಡಿ ಮುನಿಶಾಮಣ್ಣ. ಎಲ್ಲಿ ಕೊಡೋಣ?"

ಮುನಿಶಾಮಪ್ಪನವರು ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡರು.

"ನಮ್ಮನೆ ಎದುರಿಗೇ ಕೊಟ್ಬಿಡಪ್ಪಾ. ಇನ್ಮೇಲೆ ದಿನಾ ನೋಡ್ಬೇಕಲ್ಲ, ಜಗುಲಿ ಮೇಲೆ ಕೂತೇ ನೋಡ್ತೀನಿ."