ಒಳಗಿನ ಯಂತ್ರಕ್ಕೆ ನನ್ನ ಡಿಸ್ಕ್ ಕೊಡಲಿಲ್ಲ

ಆಗ ನನಗೆ ಎಪ್ಪತ್ತೊಂದು. ಅದಾಗಿ ಮೂರು ವರ್ಷವಾಯಿತು.

ಹಿಂದವಾಡಿಯಲ್ಲಿ ಮಗಳ ಮನೆಯಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಅದಕ್ಕೂ ಮೊದಲು ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರ ಜೋಡಿಸಿ ಓದಲು ಹೊತ್ತು ಹಿಡಿಯುತ್ತದೆ. ಆದರೂ ಮಾಡಿಸಿದ ಪ್ರತಿ ಹೆರಿಗೆಯನ್ನೂ ವಹಿಯಲ್ಲಿ ಬರೆದಿಟ್ಟಿದ್ದೇನೆ. ತಾಯಿಯ ಹೆಸರು, ಊರು. ಹೆಣ್ಣಾದರೆ ಸೊನ್ನೆ, ಗಂಡಾದರೆ ಉದ್ದ ಗೆರೆ, ಉಳಿಯದಿದ್ದರೆ ಅಡ್ಡ ಗೆರೆ. ಮದುವೆಯಿಲ್ಲದೆ ಹೆತ್ತು ಕೂಸನ್ನು ಬೇರೆ ಮನೆಗೆ ಕೊಟ್ಟವರ ಪುಟಕ್ಕೆ ಒಂದು ಎಲೆಯ ಚಿತ್ರ. ಗುರುತನ್ನು ಈಗ ಬದಲಿಸಿದ್ದೇನೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಲೆಯ ಪುಟ ಬಯಲಾಗುವುದಿಲ್ಲ ಎಂದು ಆ ಹೆಂಗಸರಿಗೆ ಮಾತು ಕೊಟ್ಟಿದ್ದೆ. ಹರಿದು ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ. ಆ ಕೂಸು ಬೆಳೆದು ಒಂದು ದಿನ ತಾಯಿ ಯಾರೆಂದು ಕೇಳಲು ಬಂದರೆ, ನೆನಪಿಲ್ಲ ಎಂದು ನಾನು ಸುಳ್ಳು ಹೇಳುವವಳಲ್ಲ.

ವಹಿಗಳಿಗೆ ಗೆದ್ದಲು ಹತ್ತಿತು. ಮಗಳು ಎಲ್ಲ ಪುಟಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದಳು. ಆ ಕಂಪ್ಯೂಟರ್ ನನ್ನದು, ನನ್ನ ಎಮ್ಮೆ ಮಾರಿ ತಂದದ್ದು. ಮಗಳು ಅದರಲ್ಲಿ ಒಂದು ಸಣ್ಣ ಆಫೀಸಿನ ಕೆಲಸ ಮಾಡುತ್ತಾಳೆ. ಡಾಕ್ಟರರು ಮಾತಾಡಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ ರಿಪೋರ್ಟು ಟೈಪು ಮಾಡುವುದು. ಕೆಲಸ ಕೊಡುವಾಗ ಆಫೀಸಿನವರು ನಮ್ಮ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಕೂಡಿಸಿ ಹೋದರು. ಕೈಗೆ ಸಿಗುವಂಥದ್ದಲ್ಲ. ಪರದೆಯ ಮೇಲೆ ನೀಲಿ ಅಂಚಿನ ಚೌಕ, ಆ ಚೌಕದೊಳಗೆ ಪೂರ್ತಿ ಬೇರೆಯದೇ ಯಂತ್ರ. ಮಗಳು ವರ್ಚುವಲ್ ಮಷೀನ್ ಅನ್ನುತ್ತಾಳೆ, ನಾನು ಒಳಗಿನದು ಅನ್ನುತ್ತೇನೆ. ಆಫೀಸಿನವರು ತಾವು ಕೂತಲ್ಲಿಂದಲೇ ಅದನ್ನು ತೆರೆದು ನೋಡಬಹುದು. ಒಳಗಿನದು ಅವರದು, ಹೊರಗಿನದು ನಮ್ಮದು ಎಂದು ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಮಗಳು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಕಂಪ್ಯೂಟರಿನ ಎದುರು ಅಡ್ಡಾಗಿದ್ದೆ. ಯಾರೂ ಮುಟ್ಟದೆ ಪರದೆಯ ಮೇಲಿನ ಬಾಣ ಓಡಾಡತೊಡಗಿತು. ನೀಲಿ ಚೌಕದೊಳಗೆ ಚಿತ್ರಗಳ ಸಾಲು ಬಂತು. ಒಂದು ದೊಡ್ಡದಾಗಿ ತೆರೆದುಕೊಂಡಿತು. ನನ್ನ ಸೊಟ್ಟ ಅಕ್ಷರ. ಕೆಳಗೆ ಎಲೆ. ಅದು ಯಾರ ಪುಟ ಎಂದು ಓದದೆಯೇ ನನಗೆ ಗೊತ್ತು. ಎದ್ದು ಹೋಗಿ ಗೋಡೆಯಿಂದ ವಾಯರು ಕಿತ್ತೆ.

ಮಗಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಹುಚ್ಚ ಹಿಡದೈತೇನಬೇ ಯವ್ವಾ? ಅರ್ಧಾ ರಿಪೋರ್ಟ್ ಹೋತಲ್ಲ.”

“ಹೋಗ್ಲಿ. ನಿನ್ನ ಆಫೀಸಿನಾಂವ ನನ್ನ ವಹಿ ತಗದು ಕುಂತಾನ.”

ಅವಳಿಗೆ ಆಗ ನೆನಪಾಯಿತು. ಒಳಗಿನದಕ್ಕೆ ಜಾಗ ಸಾಲುತ್ತಿಲ್ಲ ಎಂದು ಹಿಂದಿನ ವಾರ ಆಫೀಸಿನ ಮನುಷ್ಯ ಬಂದು, ನಮ್ಮ ಪೂರ್ತಿ ಡಿಸ್ಕನ್ನೇ ಅದಕ್ಕೆ ಜೋಡಿಸಿ ಹೋಗಿದ್ದ. ಡಿಸ್ಕ್ ಎಂದರೆ ಕಂಪ್ಯೂಟರಿನ ಕಣಜ, ಇಟ್ಟದ್ದೆಲ್ಲ ಇರುವುದು ಅಲ್ಲೇ. ಕೆಲಸ ಬೇಗ ಆಗುತ್ತದೆ ಎಂದಿದ್ದನಂತೆ, ಇವಳು ಹೂಂ ಎಂದಿದ್ದಳಂತೆ. ಅದನ್ನೆಲ್ಲ ಹೇಳಿ ವಾಯರು ಕೊಡು ಎಂದು ಕೈ ಚಾಚಿದಳು. ನಾನು ಕೊಡಲಿಲ್ಲ. ನಿನ್ನ ಹಳೆಯ ವಹಿಯ ಸಲುವಾಗಿ ನನ್ನ ನೌಕರಿ ಹೋಗಬೇಕೇ ಎಂದು ಅತ್ತಳು. ಹೋದರೆ ಹೋಗಲಿ ಎಂದೆ. ಆ ಪುಟದ ಹೆಣ್ಣುಮಗಳ ಸಂಸಾರ ಮುರಿದರೆ ನೀನು ಕಟ್ಟಿಕೊಡುತ್ತೀಯಾ ಎಂದು ಕೇಳಿದೆ. ಅಳು ನಿಲ್ಲಿಸಿ ಒಲೆಯ ಮೇಲೆ ಸೀಯುತ್ತಿದ್ದ ರೊಟ್ಟಿ ತೆಗೆಯಲು ಹೋದಳು.

ಕೆಲಸ ನಿಂತಿದ್ದಕ್ಕೆ ಆ ಮನುಷ್ಯ ಸ್ಕೂಟರ್ ಹತ್ತಿ ತಾನೇ ಬಂದ. ನಲವತ್ತು ದಾಟಿದವನು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಕೆಟ್ಟವನಲ್ಲ. ಜಾಗ ಯಾಕೆ ತುಂಬುತ್ತಿದೆ ಎಂದು ಹುಡುಕುತ್ತಿದ್ದಾಗ ನಮ್ಮ ಫೋಟೋಗಳು ಕಂಡವಂತೆ.

“ಎಲಿ ನೋಡಿ ಔಷಧದ್ದು ಅನ್ಕೊಂಡ್ನಿ, ಮಾವಶಿ. ನಮ್ಮ ಆಯಿಗೆ ಮೊಣಕಾಲ ನೋವು ಭಾಳ ಐತಿ.”

ಹೆಸರು ಓದಿದೆಯಾ ಎಂದು ಕೇಳಿದೆ. ನಿಮ್ಮ ಅಕ್ಷರ ಯಾರಿಗೂ ಓದಲು ಬರುವಂಥದ್ದಲ್ಲ ಎಂದ. ಅರ್ಧ ನಂಬಿದೆ. ಎಲೆಯ ಅರ್ಥ ಹೇಳಲಿಲ್ಲ.

ಡಿಸ್ಕ್ ಬಿಡಿಸು ಎಂದೆ. ಆಫೀಸಿನ ರೀತಿ ಇದೇ, ನಾವು ಬೇರೆಯವರದನ್ನು ನೋಡುವವರಲ್ಲ ಎಂದ. ನೋಡುವವರಲ್ಲದಿದ್ದರೆ ಈಗೇನು ನೋಡಿದೆ ಎಂದು ಕೇಳಿದ್ದಕ್ಕೆ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಮಾಡಿದ. ಹಾಗಾದರೆ ಕೆಲಸ ಬೇರೆ ಮನೆಗೆ ಕೊಡಬೇಕಾಗುತ್ತದೆ ಎಂದು ಮಗಳ ಕಡೆ ತಿರುಗಿದ. ಅವಳತ್ತ ನೋಡಬೇಡ, ಯಂತ್ರ ನನ್ನದು ಎಂದೆ.

ನಮ್ಮಲ್ಲಿ ಪುರುಡಿನ ದಿನಗಳಲ್ಲಿ ಬಾಣಂತಿ ಕೋಣೆಯ ಪಾತ್ರೆ ಹೊರಗೆ ಬರುವಂತಿಲ್ಲ. ನೀರು ಬೇಕಾದರೆ ಹೊರಗಿನವಳು ತಂದು, ಕೊಡಕ್ಕೆ ಕೊಡ ತಾಗದಂತೆ ಮೇಲಿಂದ ಸುರಿಯುತ್ತಾಳೆ. ಬೆಲ್ಲ ಬೇಕಾದರೆ ಕೇಳಬೇಕು, ಅವಳು ಎತ್ತಿ ಹಾಕುತ್ತಾಳೆ. ಒಳಗಿದ್ದಷ್ಟು ದಿನ ನಾನೂ ಅಡುಗೆ ಮನೆಯ ಡಬ್ಬಿಗೆ ಕೈ ಹಾಕಿದವಳಲ್ಲ. ಹೆತ್ತವಳಿಗೆ ಮೈಲಿಗೆ ಎಂಬುದನ್ನು ನಾನು ಎಂದೋ ಬಿಟ್ಟಿದ್ದೇನೆ, ಅಷ್ಟು ಹೆರಿಗೆ ಮಾಡಿಸಿದ ಮೇಲೆ ಅದನ್ನು ನಂಬಲಾಗುವುದಿಲ್ಲ. ಸುರಿಯುವ ರೀತಿ ಮಾತ್ರ ಒಳ್ಳೆಯದು. ಅವನ ಮನೆಯಲ್ಲೂ ಅದು ಇದ್ದೇ ಇರುತ್ತದೆ. ಅದನ್ನೇ ಹೇಳಿದೆ.

“ನಿನ್ನ ಒಳಗಿನ ಯಂತ್ರಾ ಬಾಣಂತಿ ಕ್ವಾಣಿ ಅಂತ ತಿಳಕೋ. ಬೇಕಾದ್ದು ಕೇಳು, ನನ್ನ ಮಗಳು ಮ್ಯಾಲಿಂದ ಸುರೀತಾಳ. ನನ್ನ ಡಬ್ಬ್ಯಾಗ ಕೈ ಹಾಕಬ್ಯಾಡ.”

ಅವನು ನಕ್ಕ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಖರೆ ಹೇಳಿದ. ಒಳಗಿನದಕ್ಕೆ ಅದರದೇ ಡಿಸ್ಕ್ ಇರುತ್ತದೆ, ನಮ್ಮ ಡಿಸ್ಕಿನಲ್ಲಿ ಒಂದು ದೊಡ್ಡ ಫೈಲು ಅಷ್ಟೇ. ಅದನ್ನೇ ಹಿಗ್ಗಿಸಿದ್ದರೆ ಸಾಕಿತ್ತು. ಹೊತ್ತು ಹಿಡಿಯುತ್ತದೆಂದು ತಾನೇ ಒಳದಾರಿ ಹಿಡಿದಿದ್ದ.

ವಾಯರು ಹಚ್ಚಿದೆ, ಪಕ್ಕದಲ್ಲೇ ಕೂತೆ. ಜೋಡಿಸಿದ್ದ ನಮ್ಮ ಡಿಸ್ಕನ್ನು ಸೆಟ್ಟಿಂಗಿನಿಂದ ಕಿತ್ತ. ಅದರ ಸ್ವಂತ ಫೈಲನ್ನು ಹಿಗ್ಗಿಸಿದ. ಒಳಗೆ ಹೋಗಿ ನನ್ನ ವಹಿ ಹುಡುಕು ಎಂದು ಮಗಳಿಗೆ ಹೇಳಿದೆ. ಸಿಗಲಿಲ್ಲ. ಮುಗಿಯಿತು ಎಂದು ಅವನು ಎದ್ದ. ಕುಂದರು ಎಂದು ಮಗಳಿಂದ ಪೆನ್‌ಡ್ರೈವ್ ಹಾಕಿಸಿದೆ. ವಹಿಯ ಇನ್ನೊಂದು ನಕಲು ಅದರಲ್ಲಿತ್ತು. ಹಾಕಿದ್ದೇ ತಡ, ಅದು ನೀಲಿ ಚೌಕದೊಳಗೆ ಹಾಜರಾಯಿತು. ಹೊರಗೆ ಏನು ಚುಚ್ಚಿದರೂ ತಾನಾಗಿ ಒಳಗೆ ಹೋಗುವಂತೆ ಇಟ್ಟಿದ್ದ, ಮರೆತಿದ್ದನಂತೆ. ಅದನ್ನೂ ತೆಗೆಸಿದೆ. ಕೊನೆಗೆ ಎರಡಕ್ಕೂ ನಡುವೆ ಒಂದೇ ಫೋಲ್ಡರ್ ಉಳಿಯಿತು. ಡಾಕ್ಟರರ ಮಾತಿನ ಫೈಲನ್ನು ಮಗಳು ಅದರಲ್ಲಿ ಹಾಕಬೇಕು, ಒಳಗಿನದು ಓದಿಕೊಳ್ಳಬೇಕು, ತಿದ್ದುವಂತಿಲ್ಲ. ಹೊರಗಿನ ಪಾಸ್‌ವರ್ಡನ್ನು ಮಗಳು ಅವನು ಬೆನ್ನು ತಿರುಗಿಸಿದಾಗ ಬದಲಿಸಿದಳು. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

ಚಹಾ ಕುಡಿಯುವಾಗ, ಬೇರೆ ಮನೆಗಳಲ್ಲೂ ಹೀಗೇ ಜೋಡಿಸಿದ್ದೇನೆ ಎಂದು ಬಾಯಿ ತಪ್ಪಿ ಹೇಳಿದ.

“ಹಂಗಾದ್ರ ನಾಳಿಂದ ಎಲ್ಲಾ ಮನಿಗೂ ಹೋಗಿ ಬಿಡಿಸು. ಇಲ್ಲಾಂದ್ರ ನಾ ಹೊಕ್ಕೀನಿ, ಬಾಗಲಾ ಬಾಗಲಾ.”

ಹೋಗುತ್ತೇನೆ ಮಾವಶಿ ಎಂದ. ಮಗಳ ಕೆಲಸ ಹೋಗಲಿಲ್ಲ. ಹೋಗಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ. ಅಲ್ಲಿ ಬಸ್ಸು ಬದಲಿಸಿ ಬೀಡಿ ಗ್ರಾಮದ ಆಚೆಗಿನ ಒಂದು ಊರಿಗೆ ಹೋದೆ. ಊರ ಹೆಸರು ಬರೆಯುವುದಿಲ್ಲ. ಆ ಪುಟದ ಹೆಣ್ಣುಮಗಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಬ್ಬ ನಿನ್ನ ಪುಟ ತೆರೆದಿದ್ದ, ಓದಲಿಲ್ಲ ಎನ್ನುತ್ತಾನೆ, ಇನ್ನು ಯಾರಿಗೂ ಕಾಣದಂತೆ ಮಾಡಿದ್ದೇನೆ ಎಂದು ಹೇಳಿದೆ. ಅವಳು ನನ್ನನ್ನು ಕುಂದರು ಅನ್ನಲಿಲ್ಲ. ಯಾಕೆ ಬರೆದಿಟ್ಟೆ ಮುದುಕಿ ಎಂದು ಬಾಯಿಗೆ ಬಂದಂತೆ ಬೈದಳು. ನಿಂತೇ ಬೈಸಿಕೊಂಡೆ. ಆಮೇಲೆ, ಯಾಕೆ ಬರೆದಿಟ್ಟಿದ್ದೇನೆ ಎಂಬುದನ್ನು ಹೇಳಿ, ಇಡಲೋ ಸುಡಲೋ ನೀನೇ ಹೇಳು ಎಂದು ಕೇಳಿದೆ.