ದಿಂಬಿನಡಿಯ ಫೈಲು

ಜಿಪ್ಪಿನ ಸದ್ದು. ಝರ್ರನೆ ತೆರೆದು, ಒಂದು ಗಳಿಗೆ ಸುಮ್ಮನಾಗಿ, ಮತ್ತೆ ಝರ್ರನೆ ಮುಚ್ಚಿಕೊಂಡಿತು. ನಾನು ಅಡುಗೆಮನೆಯಲ್ಲಿ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದೆ. ನಾದಿನಿ ನಮ್ಮವರ ಬ್ಯಾಗಿಗೆ ತೆಂಗಿನಕಾಯಿ ಇಡುತ್ತಿದ್ದಾಳೆ ಅಂದುಕೊಂಡೆ. ಇಡುತ್ತಿರಲಿಲ್ಲ, ತೆಗೆಯುತ್ತಿದ್ದಳು.

ಅವತ್ತು ಅವಳ ಮಗಳಿಗೆ ಗಂಡಿನ ಮನೆ ನೋಡುವ ಶಾಸ್ತ್ರ. ಮಾಂಬಳ್ಳಿಯಿಂದ ಕಾರು ಮಾಡಿಕೊಂಡು ಕೊಳ್ಳೇಗಾಲದ ನಮ್ಮ ಮನೆಗೆ ಬಂದಿದ್ದಳು. ಸೋದರಮಾವನಿಲ್ಲದೆ ಶಾಸ್ತ್ರ ನಡೆಯದು, ಹಾಗಾಗಿ ಅಣ್ಣನನ್ನು ಕೂರಿಸಿಕೊಂಡು ಹನೂರಿನ ಆಚೆಯ ಹಳ್ಳಿಗೆ ಹೊರಟಳು. ನನಗೆ ಮಂಡಿ ಊದಿತ್ತು, ಹೋಗಲಾಗಲಿಲ್ಲ.

ಹಾರ್ಟಿಗೆ ಸ್ಟೆಂಟ್ ಹಾಕಿಸಿದಾಗಿನಿಂದ ಯಜಮಾನರು ಪಕ್ಕದ ಯಳಂದೂರಿಗೆ ಹೋದರೂ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇರಲೇಬೇಕು. ಮೊದಲ ಪೇಜಿನಲ್ಲಿ ಬ್ಲಡ್ ಗ್ರೂಪು, ಮಾತ್ರೆಗಳ ಹೆಸರು, ನನ್ನ ಫೋನ್ ನಂಬರು. ಕೆಳಗೆ ಕೆಂಪಿಂಕಿನಲ್ಲಿ, ಇವರು ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ, ತಲೆಗೆ ಪೆಟ್ಟಾದರೆ ತಕ್ಷಣ ಸ್ಕ್ಯಾನ್ ಮಾಡಿಸಿ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿದ್ದೆ. ಕಾನ್ವೆಂಟಿನ ಸಿಸ್ಟರು ತಿದ್ದಿಸಿದ ಕರ್ಸಿವ್ ಬಿಟ್ಟು, ಯಾರಿಗಾದರೂ ಓದಲು ಬರಲಿ ಅಂತ ಕ್ಯಾಪಿಟಲ್ ಲೆಟರ್ಸ್.

"ನಾನು ಬಿದ್ದೋದ್ರೆ ಡಾಕ್ಟ್ರು ಮೊದ್ಲು ನಿನ್ ಹ್ಯಾಂಡ್‌ರೈಟಿಂಗಿಗೆ ಮಾರ್ಕ್ಸ್ ಕೊಡ್ತಾರೆ ಕಣೇ" ಎಂದು ನಗುತ್ತಿದ್ದರು. ಆ ನಗು ಈಗ ನನಗೆ ಎಷ್ಟು ಬೇಕು!

ಮಧ್ಯಾಹ್ನ ಮಂಡಿ ಕೆಳಗೆ ಕೊಡಲು ಅವರ ದಿಂಬು ಎಳೆದೆ. ಅಡಿಯಲ್ಲಿ ಫೈಲು. ನಾದಿನಿಗೆ ಫೋನ್ ಮಾಡಿದೆ.

"ನಾನೇ ಎತ್ತಿಟ್ಟೆ ಕಣತ್ತಿಗಮ್ಮ. ಸುಬಕಾರ್ಯಕ್ಕೆ ಓಗೋವಾಗ ಆಸ್ಪತ್ರೆ ಕಾಗ್ದ ಯಾರಾದ್ರೂ ತಕಂಡೋದಾರಾ?"

"ಅವರಿಗೆ ಫೋನ್ ಕೊಡು."

"ಊಟಕ್ಕೆ ಕೂತವ್ರೆ. ನಿಂದೊಂದು ಇಂಗ್ಲಿಸ್ ಗಾಬ್ರಿ!" ಎಂದು ನಕ್ಕು ಫೋನಿಟ್ಟಳು.

ಅಷ್ಟು ಹೊತ್ತಿಗೆ ಅವರ ಹಣೆಗೆ ಮೂರು ಹೊಲಿಗೆ ಬಿದ್ದಿತ್ತು. ಬೀಗರ ಹಿತ್ತಲಿನಲ್ಲಿ ಕೈ ತೊಳೆಯುವ ಕಲ್ಲಿನ ಮೇಲೆ ಜಾರಿ ಬಿದ್ದು, ಆಸ್ಪತ್ರೆಗೆ ಹೋಗಿ ಬಂದು, ತಣ್ಣಗಾದ ಊಟಕ್ಕೆ ಕೂತಿದ್ದರು. ಅದನ್ನು ಅವಳು ನನಗೆ ಹೇಳಲಿಲ್ಲ. ವಾಪಸು ಬರುವಾಗ, ಮಧುವನಹಳ್ಳಿ ದಾಟುವಷ್ಟರಲ್ಲಿ ಅವರ ಮಾತು ನಿಂತುಹೋಯಿತು. ಮೈಸೂರಿಗೆ ಸಾಗಿಸಿದೆವು. ಮೂರನೇ ದಿನ ಹೋಗಿಬಿಟ್ಟರು.

ಹನ್ನೊಂದನೇ ದಿನದ ಕಾರ್ಯಕ್ಕೆ ಗಂಡಿನ ತಾಯಿ ಬಂದಿದ್ದರು. ಟೇಬಲ್ಲಿನ ಮೇಲಿದ್ದ ಫೈಲು ನೋಡಿ, ಇದೇನವ್ವ ಎಂದರು. ಹೇಳಿದೆ. ಆಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ನಾ ಅಲ್ಲೇ ನಿಂತಿದ್ದೆ ಕಣವ್ವ. ಏನಾದ್ರೂ ಮಾತ್ರೆ ತಕತಾರಾ ಅಂತ ಡಾಕ್ಟ್ರು ಎರಡು ಸಲ ಕೇಳುದ್ರು. 'ಇಲ್ಲ ಸಾ, ನಮ್ಮಣ್ಣ ಒಂದು ದಿನಾನೂ ಮಾತ್ರೆ ನುಂಗ್ದೋರಲ್ಲ, ಕಲ್ಲುಗುಂಡು' ಅಂದ್ಲು ನಿಮ್ ನಾದಿನಿ. ನಿಮ್ಮೋರೂ ಸುಮ್ನಿದ್ರು. ಅಯ್ಯೋ, ಇದ್ನ ನಮ್ಮತ್ರ ಮುಚ್ಚಿಡದೇನಿತ್ತು? ನಮ್ಮೆಜಮಾನ್ರೂ ಅದೇ ಮಾತ್ರೆ ನುಂಗ್ತಾರೆ!"

ಅಪಶಕುನವೂ ಇಲ್ಲ, ಏನೂ ಇಲ್ಲ. ಹೆಣ್ಣಿನ ಮನೆಯಲ್ಲಿ ಹಾರ್ಟ್ ಕಾಯಿಲೆ ಇದೆ ಅಂತ ಬೀಗರಿಗೆ ಗೊತ್ತಾಗಬಾರದು, ಅಷ್ಟೆ. ತಂಗಿಯ ಮುಖ ನೋಡಿ ಅವರೂ ಬಾಯಿ ಮುಚ್ಚಿಕೊಂಡಿದ್ದಾರೆ. ಸತ್ತವರ ಮೇಲಿನ ಕೋಪವನ್ನು ಎಲ್ಲಿಡಲಿ? ಅದನ್ನೂ ಸೇರಿಸಿ ನಾದಿನಿಯ ಮೇಲೆಯೇ ಇಟ್ಟೆ.

ಅವಳು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ಕೂತು, ಬೀಗಿತ್ತಿ ಹೇಳಿದ್ದನ್ನು ಒಂದಕ್ಷರ ಬಿಡದೆ ಮೆತ್ತಗೆ ಹೇಳಿದೆ. ಕೊನೆಯ ಮಾತನ್ನು ಎರಡು ಸಲ ಹೇಳಿದೆ. ಅವಳ ಕೈ ನೀರಿನಲ್ಲೇ ನಿಂತಿತು. ಗಾಡ್ ಫರ್ಗಿವ್ ಮಿ, ಆವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಮದುವೆ ನಡೆಯಿತು. ಹೋಗಿ ಅಕ್ಷತೆ ಹಾಕಿ ಬಂದೆ. ಹುಡುಗಿ ಏನು ಮಾಡಿದ್ದಾಳೆ, ಪಾಪ.

ಹೋದ ವರ್ಷ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಾದಿನಿ ಸಿಕ್ಕಳು. ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ನನ್ನ ಪಕ್ಕ ಬಂದು ಕೂತು ಕೇಳಿದಳು.

"ಅತ್ತಿಗಮ್ಮ, ನಿಜ ಏಳು. ಆ ಕಾಗ್ದ ಇದ್ದಿದ್ರೆ ಅಣ್ಣ ಉಳೀತಿದ್ನಾ?"

ಮೈಸೂರಿನ ಡಾಕ್ಟರು ಫೈಲು ಓದಿ ಮುಚ್ಚಿ ನನಗೆ ಹೇಳಿದ್ದರು. "ಗೊತ್ತಿದ್ದರೂ ಗ್ಯಾರಂಟಿ ಇರಲಿಲ್ಲ ಮೇಡಂ. ಈ ವಯಸ್ಸಿಗೆ ಇಂಥ ಬ್ಲೀಡಿಂಗು, ಉಳಿಯೋದು ಕಷ್ಟವೇ ಇತ್ತು." ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಅದನ್ನು ಕೇಳಿದ್ದರೆ ಅವಳು ಅವತ್ತು ರಾತ್ರಿ ನಿದ್ದೆ ಮಾಡುತ್ತಿದ್ದಳು.

"ಉಳೀತಿದ್ರು" ಅಂದೆ.

ಅವಳು ತಲೆಯಾಡಿಸಿದಳು. ಅವಳ ಊರಿನ ಕಡೆಯ ಯಳಂದೂರು ಬಸ್ಸು ಬಂತು. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ಕಿಟಕಿ ಪಕ್ಕ ಕೂತು ಎದುರಿನ ಸೀಟಿಗೆ ಹಣೆ ಆನಿಸಿದಳು. ಬಸ್ಸು ಹೊರಡಲು ಐದು ನಿಮಿಷ ಇತ್ತು. ಎದ್ದು ಹೋಗಿ ಕಿಟಕಿ ತಟ್ಟಬಹುದಿತ್ತು. ನಾನು ಏಳಲಿಲ್ಲ. ಅವಳನ್ನು ಮತ್ತೆ ನೋಡಲಿಲ್ಲ.